ಮಗಳಿಗೊಂದು ಪತ್ರ: ಲೂಯೀಸ್ ಫರಾಂಕ್ ಕೇಳಿ ಪಡೆದ ಸಂಬಳ

ಪ್ರೀತಿಯ ಮಗಳೇ,

ನಿನ್ನ ಜೊತೆಗೇ ಕೆಲಸಕ್ಕೆ ಸೇರಿದ ಹುಡುಗನಿಗೆ ನಿನಗಿಂತ ಹೆಚ್ಚು ಸಂಬಳವೆಂದು ಮೊನ್ನೆ ಫೋನಿನಲ್ಲಿ ಹೇಳಿದೆ. ಕೇಳಬಾರದೇ ಎಂದರೆ, "ಈಗಿನ ಕೆಲಸ ಒಳ್ಳೆಯ ಹೆಸರು ತರಲಿ ಅಮ್ಮಾ, ಆಮೇಲೆ ಕೇಳುತ್ತೇನೆ" ಎಂದೆ. ಆ "ಆಮೇಲೆ" ಎಂಬ ಮಾತು ನನ್ನನ್ನು ಮಲಗಲು ಬಿಡಲಿಲ್ಲ. ಅದಕ್ಕೇ ಫ್ರಾನ್ಸಿನ ಪಿಯಾನೋ ವಾದಕಿ, ಸಂಗೀತ ರಚನೆಗಾರ್ತಿ ಲೂಯೀಸ್ ಫರಾಂಕ್ ಕಥೆ ಬರೆಯುತ್ತಿದ್ದೇನೆ.

ಆಕೆ ಹುಟ್ಟಿದ್ದು 1804ರಲ್ಲಿ, ಪ್ಯಾರಿಸ್ಸಿನ ಶಿಲ್ಪಿಗಳ ಮನೆತನದಲ್ಲಿ. ಬಾಸ್ತೀಲ್ ಚೌಕದ ಕಂಬದ ಮೇಲೆ ರೆಕ್ಕೆ ಬಿಚ್ಚಿ ನಿಂತಿರುವ ಚಿನ್ನದ ಬಣ್ಣದ ಮೂರ್ತಿ ಆಕೆಯ ಅಣ್ಣ ಮಾಡಿದ್ದು. ಪ್ಯಾರಿಸ್ ಕನ್ಸರ್ವೇಟರಿ ಎಂಬ ಸಂಗೀತ ಶಾಲೆಯ ರಚನೆಯ ತರಗತಿಗೆ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲವಾದ್ದರಿಂದ, ಹದಿನೈದರ ವಯಸ್ಸಿನಲ್ಲಿ ಸಂಗೀತ ರಚನೆಗಾರ ಆಂಟನ್ ರೈಖಾ ಅವರ ಬಳಿ ಖಾಸಗಿಯಾಗಿ ಕಲಿತಳು. ಹದಿನೇಳಕ್ಕೆ ಕೊಳಲುವಾದಕ ಅರಿಸ್ತೀದ್ ಫರಾಂಕ್ ಜೊತೆ ಮದುವೆ. ಹೆಂಡತಿಯ ಕೃತಿಗಳನ್ನು ಅಚ್ಚು ಹಾಕಿಸಿದ ಒಳ್ಳೆಯ ಗಂಡ ಆತ.

1842ರಲ್ಲಿ ಅದೇ ಕನ್ಸರ್ವೇಟರಿಯಲ್ಲಿ ಪಿಯಾನೋ ಪ್ರಾಧ್ಯಾಪಕಿಯಾದಳು. ಆಕೆಗೆ ವಹಿಸಿದ್ದು ಹುಡುಗಿಯರ ತರಗತಿ ಮಾತ್ರ. ಆಕೆಯ 30 ಅಭ್ಯಾಸ ಕೃತಿಗಳು ಅದೇ ಸಂಸ್ಥೆಯ ಪಾಠಕ್ರಮಕ್ಕೆ ಸೇರಿದವು. 1849ರಲ್ಲಿ ಆಕೆಯ ಮೂರನೆಯ ಸಿಂಫನಿಯನ್ನು ಕನ್ಸರ್ವೇಟರಿಯ ಹೆಸರಾಂತ ವಾದ್ಯವೃಂದವೇ ನುಡಿಸಿತು. ಆದರೂ ಸಂಬಳ ಮಾತ್ರ ಗಂಡಸರಿಗಿಂತ ಕಡಿಮೆಯೇ!

1850ರಲ್ಲಿ ಆಕೆಯ "ನೋನೆಟ್", ಅಂದರೆ ಒಂಬತ್ತು ವಾದ್ಯಗಳ ಕೃತಿ, ಮೊದಲ ಬಾರಿ ಸಭೆಯ ಮುಂದೆ ಬಂತು. ನಾಲ್ಕು ತಂತಿವಾದ್ಯ, ಐದು ಊದುವ ವಾದ್ಯ. ಪಿಟೀಲಿಗೆ ಕುಳಿತವನು ಹದಿನೆಂಟರ ಯೋಸೆಫ್ ಯೋಆಖಿಂ, ಮುಂದೆ ಯುರೋಪೇ ತಲೆದೂಗಿದ ಕಲಾವಿದ. ಊರೆಲ್ಲ ಮೆಚ್ಚಿತು. ಅದೇ ವರ್ಷ ಆಕೆ ಕನ್ಸರ್ವೇಟರಿಯ ನಿರ್ದೇಶಕ ಓಬೆರ್ ಅವರಿಗೆ ಪತ್ರ ಬರೆದು ಸಮಾನ ಸಂಬಳ ಕೇಳಿದಳು, ಪಡೆದಳು.

ಆ ಗೆಲುವಿನಲ್ಲಿ ನನಗೊಂದು ನೋವೂ ಇದೆ. ಆಕೆ ಕೇಳಿದ್ದು ಪಾಠ ಹೇಳಿದ ದುಡಿಮೆಯ ಕೂಲಿಯನ್ನು. ಎಂಟು ವರ್ಷ ದಿನವೂ ಮಾಡಿದ ಪಾಠ ಅದಕ್ಕೆ ಸಾಲದೇ ಹೋಯಿತೇ? ಒಂಬತ್ತು ವಾದ್ಯಗಳು ಸಾಕ್ಷಿ ಹೇಳಬೇಕಾಯಿತೇ? ನೀನು ನಿನ್ನ ನೋನೆಟ್‌ಗಾಗಿ ಕಾಯಬೇಡ ಕಂದಾ. ಮಾಡಿರುವ ಕೆಲಸವೇ ಸಾಕು.

ಆಕೆಗೂ ಒಬ್ಬಳೇ ಮಗಳು, ವಿಕ್ಟೋರೀನ್. ತಾಯಿಯ ಶಿಷ್ಯೆ, 1844ರಲ್ಲಿ ಕನ್ಸರ್ವೇಟರಿಯ ಮೊದಲ ಬಹುಮಾನ ಗೆದ್ದ ಪಿಯಾನೋ ವಾದಕಿ. 1859ರಲ್ಲಿ, ಮೂವತ್ತೆರಡಕ್ಕೇ ತೀರಿಕೊಂಡಳು. ಇಲ್ಲಿಗೆ ಬಂದಾಗಲೆಲ್ಲ ನಾನು ಓದುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಕಿಟಕಿಯ ಬಳಿ ನಿಲ್ಲುತ್ತೇನೆ. ಆಮೇಲೆ ಆ ತಾಯಿ ದೊಡ್ಡ ರಚನೆಗಳಿಗೆ ಕೈ ಹಾಕಲಿಲ್ಲ. ಗಂಡನೊಂದಿಗೆ ಪಿಯಾನೋದಂಥ ಕೀಲಿಮಣೆ ವಾದ್ಯಗಳ ಹಳೆಯ ಕಾಲದ ಸಂಗೀತವನ್ನು ಹುಡುಕಿ, ತಿದ್ದಿ ಅಚ್ಚಿಗೆ ಕೊಡುವ ಕೆಲಸ ಹಿಡಿದಳು. 1865ರಲ್ಲಿ ಗಂಡನೂ ಹೋದ. ಒಬ್ಬಳೇ ಮುಂದುವರಿಸಿ 1874ರ ಹೊತ್ತಿಗೆ 23 ಸಂಪುಟಗಳನ್ನು ಮುಗಿಸಿದಳು. ಮರುವರ್ಷ ತೀರಿಕೊಂಡಳು.

ಶನಿವಾರ ಬರುತ್ತೀಯಲ್ಲ, ಕಚೇರಿಗೆ ಕೊಡಬೇಕಾದ ಪತ್ರದ ಕರಡನ್ನು ತೆಗೆದುಕೊಂಡು ಬಾ. ನೋನೆಟ್ ಹಾಕಿಕೊಂಡು ಇಬ್ಬರೂ ಕುಳಿತು ತಿದ್ದೋಣ. ಕರಡಿನಲ್ಲಿ "ದಯವಿಟ್ಟು" ಎಂಬುದು ಒಂದೇ ಸಲ ಇರಲಿ.

ನಿನ್ನ
ಅಮ್ಮ