ಆ ಮೂವರು ಹೆಂಗಸರು ನಗೆಪಾಟಲಿಗಲ್ಲ

ಮಾನ್ಯರೇ,

ನಮ್ಮ ಮಹಿಳಾ ತಂಡದ ಅಮೆರಿಕ ಪ್ರವಾಸದ ಬಗ್ಗೆ ನಿನ್ನೆಯ ಸಂಚಿಕೆಯಲ್ಲಿ ಬಂದ ವರದಿ ಓದಿ ಮನಸ್ಸಿಗೆ ಬಹಳ ನೋವಾಯಿತು. ವಾಷಿಂಗ್ಟನ್ನಿನ ಸಂಸತ್ ಭವನದ ಗುಮ್ಮಟದಡಿ ಇರುವ ಅಮೃತಶಿಲೆಯ ಶಿಲ್ಪವನ್ನು ಪ್ರವಾಸ ವ್ಯವಸ್ಥಾಪಕರು ‘ಸ್ನಾನದ ತೊಟ್ಟಿಯಲ್ಲಿ ಕುಳಿತ ಮೂವರು ಹೆಂಗಸರು’ ಎಂದು ಆಡಿಕೊಂಡದ್ದನ್ನು ವರದಿಗಾರರು ಸ್ವಾರಸ್ಯವೆಂದು ಬಗೆದು ದಪ್ಪಕ್ಷರದಲ್ಲಿ ಹಾಕಿದ್ದಾರೆ. ತಂಡದಲ್ಲಿ ನಾನೂ ಇದ್ದೆ. ನನಗೆ ನಗು ಬರಲಿಲ್ಲ.

ಮಂಡಿನೋವು ಸಹಿಸಿಕೊಂಡು ತಪಾಸಣೆಯ ಸಾಲಿನಲ್ಲಿ ನಿಂತು, ಕಟ್ಟಿಕೊಂಡು ಹೋಗಿದ್ದ ಚಪಾತಿ, ಚಟ್ನಿಪುಡಿಯನ್ನು ಬಾಗಿಲಲ್ಲೇ ಬಿಟ್ಟು, ಹಸಿದ ಹೊಟ್ಟೆಯಲ್ಲಿ ಒಳಗೆ ಹೋದದ್ದು ಆ ಶಿಲ್ಪವನ್ನು ಕಣ್ತುಂಬ ನೋಡುವುದಕ್ಕಾಗಿ. ಒರಟು ಬಂಡೆಯಿಂದ ಎದ್ದು ಬಂದಂತಿರುವ ಮುಖಗಳಲ್ಲಿ ಯಾರು ಯಾರೆಂದು ಗುರುತು ಹಿಡಿಯುವಷ್ಟರಲ್ಲಿ, ಬಸ್ಸು ಕಾಯುತ್ತಿದೆಯೆಂದು ವ್ಯವಸ್ಥಾಪಕರು ಚಪ್ಪಾಳೆ ತಟ್ಟಿ ನಮ್ಮನ್ನು ಹೊರಡಿಸಿದರು. ಅದೇ ಮಹನೀಯರು ಮಧ್ಯಾಹ್ನ ಅಂಗಡಿ ಮಳಿಗೆಯೊಂದರಲ್ಲಿ ಸಂಜೆಯವರೆಗೆ ನಮ್ಮನ್ನು ಕೂಡಿಹಾಕಿದ್ದರು.

ಆ ಶಿಲ್ಪದಲ್ಲಿರುವ ಮೂವರಲ್ಲಿ ಲುಕ್ರೀಷಿಯಾ ಮಾಟ್ ಮತ್ತು ಎಲಿಜಬೆತ್ ಕೇಡಿ ಸ್ಟಾಂಟನ್ 1848ರಲ್ಲಿ ನ್ಯೂಯಾರ್ಕ್ ರಾಜ್ಯದ ಸೆನೆಕಾ ಫಾಲ್ಸ್‌ನಲ್ಲಿ ಮಹಿಳಾ ಹಕ್ಕುಗಳ ಸಮಾವೇಶವನ್ನು ಸೇರಿಸಿದವರು. ಮೂರನೆಯವರಾದ ಸೂಸನ್ ಬಿ. ಆಂಟನಿ 1872ರಲ್ಲಿ ರಾಚೆಸ್ಟರ್‌ನಲ್ಲಿ ಮತ ಹಾಕಿದ ‘ಅಪರಾಧ’ಕ್ಕೆ ಬಂಧನಕ್ಕೊಳಗಾಗಿ, ನ್ಯಾಯಾಲಯ ವಿಧಿಸಿದ 100 ಡಾಲರ್ ದಂಡವನ್ನು ಸಾಯುವವರೆಗೂ ಕಟ್ಟದ ದಿಟ್ಟೆ. 1920ರಲ್ಲಿ ಹೆಂಗಸರಿಗೆ ಮತದ ಹಕ್ಕು ಕೊಟ್ಟ ಅಮೆರಿಕ ಸಂವಿಧಾನದ 19ನೇ ತಿದ್ದುಪಡಿ ಬಂದಾಗ ಈ ಮೂವರಲ್ಲಿ ಒಬ್ಬರೂ ಬದುಕಿರಲಿಲ್ಲ. ಅಡಿಲೇಡ್ ಜಾನ್ಸನ್ ಎಂಬ ಶಿಲ್ಪಿ ಕೆತ್ತಿದ ಈ ಕಲ್ಲನ್ನು 1921ರ ಫೆಬ್ರವರಿ 15ರಂದು, ಆಂಟನಿಯವರ ಜನ್ಮದಿನದಂದು, ಗುಮ್ಮಟದಡಿ ಸ್ವೀಕರಿಸಿದ ಅಲ್ಲಿನ ಅಧಿಕಾರಸ್ಥರು ಸಮಾರಂಭ ಮುಗಿದ ಮೇಲೆ ಕೆಳಗಿನ ನೆಲಮಾಳಿಗೆಗೆ ಸಾಗಿಸಿಬಿಟ್ಟರು. ಅದರ ಮೇಲಿದ್ದ ಹೊನ್ನಕ್ಷರದ ಬರಹವನ್ನೂ ಅಳಿಸಿಹಾಕಿದರು. ಅದು ಮತ್ತೆ ಮೇಲೆ ಬಂದದ್ದು 1997ರಲ್ಲಿ, ಅದೂ ಸರ್ಕಾರ ಹಣ ಕೊಡದೆ, ಹೆಂಗಸರೇ ಮುಂದೆ ನಿಂತು ದೇಣಿಗೆ ಎತ್ತಿದ್ದರಿಂದ.

ಆ ಭವನದವರ ರೀತಿಯೇ ಹಾಗೆ. ಮೊಂಟಾನಾದ ಜೆನೆಟ್ ರ‍್ಯಾಂಕಿನ್ ಮೊದಲ ಸಂಸದೆಯಾಗಿ 1917ರಲ್ಲೇ ಕೆಳಮನೆಗೆ ಕಾಲಿಟ್ಟರೂ, ಸದನದ ಪಕ್ಕದಲ್ಲಿ ಸಂಸದೆಯರಿಗೊಂದು ಶೌಚಾಲಯವಾದದ್ದು 2011ರಲ್ಲಿ. ಅಲ್ಲಿಯವರೆಗೆ ಅವರು ಪ್ರವಾಸಿಗರ ಗುಂಪನ್ನು ದಾಟಿಕೊಂಡು ದೂರ ಹೋಗಿಬರಬೇಕಿತ್ತು. ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಿಂದ ಗೆದ್ದ ಮೊದಲ ಕಪ್ಪು ಸಂಸದೆ ಶರ್ಲಿ ಚಿಶೋಮ್ ಅವರನ್ನು 1969ರಲ್ಲಿ ಹಾಕಿದ್ದು ಕೃಷಿ ಸಮಿತಿಗೆ. ಊಳಲು ಒಂದು ಗದ್ದೆಯಿಲ್ಲದ ನಗರದ ಕ್ಷೇತ್ರಕ್ಕೆ ಅದರಿಂದ ಏನು ಪ್ರಯೋಜನ? ಅವರು ಸುಮ್ಮನಿರದೆ ಪ್ರತಿಭಟಿಸಿ ಬೇರೆ ಸಮಿತಿ ಪಡೆದರು, 1972ರಲ್ಲಿ ಅಧ್ಯಕ್ಷ ಪದವಿಗೇ ಸ್ಪರ್ಧೆಗಿಳಿದರು.

ಇಷ್ಟೆಲ್ಲ ಹೋರಾಟವನ್ನು ಒಂದು ಕುಹಕದಲ್ಲಿ ಮುಗಿಸಿದ ಆ ಸಾಲನ್ನು ಪತ್ರಿಕೆ ಹಿಂಪಡೆಯಬೇಕು, ಇಲ್ಲವೇ ಆ ಮೂವರ ಬಗ್ಗೆ ಸರಿಯಾದ ಲೇಖನವೊಂದನ್ನಾದರೂ ಪ್ರಕಟಿಸಬೇಕು. ವ್ಯವಸ್ಥಾಪಕರಿಗೂ ತಿಳಿದವರು ಯಾರಾದರೂ ಬುದ್ಧಿ ಹೇಳಬೇಕು. ಹೆಂಗಸರಿಂದಲೇ ಲಕ್ಷಗಟ್ಟಲೆ ಹಣ ಕಟ್ಟಿಸಿಕೊಂಡು ಅವರೆದುರೇ ಇಂತಹ ಮಾತಾಡಲು ಅವರಿಗೆ ನಾಚಿಕೆಯಾಗಬೇಡವೇ?

– ತಂಡದ ಒಬ್ಬ ಸದಸ್ಯೆ, ಶಿವಮೊಗ್ಗ