ಮಳೆ ರಜೆಯಲ್ಲಿ ಹಾಡಿಗೆ ರಜೆ ಬೇಡ

ಪ್ರೀತಿಯ ಪೋಷಕರೇ,

ನಮಸ್ಕಾರ. ಈ ಸಲ ಒಂದರ ಹಿಂದೆ ಒಂದು ಮಳೆ ರಜೆ. ತಪ್ಪಿದ ಪಾಠಗಳನ್ನು ಶನಿವಾರ ಪೂರ್ತಿ ತರಗತಿ ನಡೆಸಿ ಹೇಗೋ ಮುಗಿಸುತ್ತೇವೆ. ನನ್ನ ಚಿಂತೆ ವಿಶೇಷ ಅಗತ್ಯವಿರುವ ನಿಮ್ಮ ಮಕ್ಕಳ ಸಂಗೀತ ಚಿಕಿತ್ಸೆಯ ಅವಧಿಯದ್ದು. ಮಂಗಳವಾರ, ಶುಕ್ರವಾರ ನಡೆಯಬೇಕಾದದ್ದು ಎರಡು ವಾರದಿಂದ ನಡೆದೇ ಇಲ್ಲ.

ಅಲ್ಲಿ ಏನು ಮಾಡಿಸುತ್ತೀರಿ ಅಂತ ಹಲವರು ಕೇಳಿದ್ದೀರಿ. ಅದು ಸಂಗೀತ ಪಾಠ ಅಲ್ಲ. ತಾಳ ತಪ್ಪಿದರೆ ಯಾರೂ ತಿದ್ದುವುದಿಲ್ಲ. ತಿಂಗಳಿಗೊಮ್ಮೆ ಮೈಸೂರಿನಿಂದ ಬರುವ ಮ್ಯೂಸಿಕ್ ಥೆರಪಿಸ್ಟ್ ಒಂದೊಂದು ಮಗುವಿಗೂ ಏನು ಬೇಕು ಅಂತ ನೋಡಿ ಹೇಳುತ್ತಾರೆ. ಅದರಂತೆ ನಮ್ಮ ಟೀಚರ್ ನಡೆಸುತ್ತಾರೆ.

ಮೂರನೇ ತರಗತಿಯ ಒಬ್ಬ ಹುಡುಗನ ವಿಷಯ ಹೇಳಬೇಕು. ಅವನ ಅಮ್ಮನನ್ನು ಕೇಳಿಯೇ ಬರೆಯುತ್ತಿದ್ದೇನೆ. ಸೆರೆಬ್ರಲ್ ಪಾಲ್ಸಿ ಎಂಬ ಮೆದುಳಿನ ತೊಂದರೆಯಿಂದಾಗಿ ಅವನ ಎಡಗೈ ಸದಾ ಮುಷ್ಟಿ ಬಿಗಿದೇ ಇರುತ್ತದೆ. ನಾವು ಬಿಡಿಸಲು ಹೋದರೆ ಇನ್ನೂ ಬಿಗಿಯಾಗುತ್ತದೆ. ಟೀಚರ್ ದುಡಿಯನ್ನು, ಅಂದರೆ ನಮ್ಮ ಕೊಡಗಿನ ಸಣ್ಣ ಚರ್ಮವಾದ್ಯವನ್ನು, ಅವನ ಎಡಗಡೆ ಹಿಡಿದರು. ಕೋಲಿಗೆ ಹಳೇ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿದ್ದೆವು. ತುಂಬಾ ಹೊತ್ತು ದುಡಿಯನ್ನೇ ನೋಡಿದ. ಆಮೇಲೆ ಹೆಬ್ಬೆರಳು ಸಡಿಲವಾಯಿತು. ಅದರ ಹಿಂದೆ ಉಳಿದ ಬೆರಳು. ಕೋಲು ಹಿಡಿದು ಒಂದೇ ಒಂದು ಪೆಟ್ಟು ಕೊಟ್ಟ. ಸುಗ್ಗಿಯ ಪುತ್ತರಿ ಹಬ್ಬಕ್ಕೆ ದುಡಿಯ ಸದ್ದು ಕೇಳಿಕೊಂಡೇ ಬೆಳೆದ ಮಗು ಅದು. ಪ್ಲಾಸ್ಟಿಕ್ ಗಿಲಕಿ ಕೊಟ್ಟಾಗ ಬಿಚ್ಚದ ಕೈ ದುಡಿಗೆ ಬಿಚ್ಚಿತು.

ಮಾತು ಬಾರದ ಒಬ್ಬಳು ಹುಡುಗಿ ಇದ್ದಾಳೆ. ಅವಳ ಹೆಸರು ಸೇರಿಸಿ ನಾವೇ ಕಟ್ಟಿದ ಒಂದು ಸಾಲು ಹಾಡುತ್ತೇವೆ. ಹೆಸರು ಬರುವ ಜಾಗಕ್ಕೆ ನಿಲ್ಲಿಸಿ ಕಾಯುತ್ತೇವೆ. ಮನಸ್ಸಿನಲ್ಲೇ ಹತ್ತು ಎಣಿಸುತ್ತೇವೆ. ಒಮ್ಮೊಮ್ಮೆ ಹತ್ತೂ ಸಾಲುವುದಿಲ್ಲ. ಅವಳು ಬೆಂಚು ತಟ್ಟಿದರೆ ಅದೇ ಉತ್ತರ. ಕಿವಿ ಕೇಳದ ಮಗು ದುಡಿಯ ಚರ್ಮದ ಮೇಲೆ ಅಂಗೈ ಇಟ್ಟು ಅದರ ನಡುಕ ಹಿಡಿಯುತ್ತದೆ. ಕಿವುಡಿಯಾದ ಎವೆಲಿನ್ ಗ್ಲೆನಿ ಬರಿಗಾಲಲ್ಲಿ ನಿಂತು ತಾಳವಾದ್ಯ ನುಡಿಸಿ ಜಗತ್ತಿಗೇ ಹೆಸರಾದವರು. ಕಿವಿ ಕೇಳದವರಿಗೆ ಸಂಗೀತ ಯಾಕೆ ಅಂತ ದಯವಿಟ್ಟು ಕೇಳಬೇಡಿ.

ನಮ್ಮ ಕಡೆಯಿಂದ ಒಂದು ತಪ್ಪು ಆಗಿದೆ. ಕಳೆದ ವಾರ್ಷಿಕೋತ್ಸವದಲ್ಲಿ ಈ ಮಕ್ಕಳನ್ನು ವೇದಿಕೆಗೆ ಹತ್ತಿಸಿದೆವು. ಸ್ಪೀಕರ್ ಸದ್ದಿಗೆ ಆಟಿಸಂ ಇರುವ ಒಬ್ಬ ಹುಡುಗ ಎರಡೂ ಕಿವಿ ಮುಚ್ಚಿಕೊಂಡು ನೆಲಕ್ಕೆ ಕುಸಿದ. ಆಮೇಲೆ ಒಂದು ತಿಂಗಳು ಸಂಗೀತದ ಕೋಣೆಗೇ ಬರಲಿಲ್ಲ. ಈ ವರ್ಷ ವೇದಿಕೆ ಇಲ್ಲ. "ಯಾವಾಗ ಹಾಡಿಸ್ತೀರಿ" ಅಂತ ಒತ್ತಾಯ ಮಾಡಬೇಡಿ.

ಇನ್ನೊಂದು ಮಾತನ್ನು ನೇರವಾಗಿ ಹೇಳುತ್ತೇನೆ. ಸಂಗೀತದಿಂದ ಆಟಿಸಂ ವಾಸಿಯಾಗುವುದಿಲ್ಲ. ಒಂಬತ್ತು ದೇಶಗಳ 364 ಮಕ್ಕಳನ್ನು ಐದು ತಿಂಗಳು ನೋಡಿದ ದೊಡ್ಡ ಅಧ್ಯಯನ 2017ರಲ್ಲಿ ಬಂತು. ಆಟಿಸಂನ ಮುಖ್ಯ ಲಕ್ಷಣಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಅದರಲ್ಲಿ ಕಾಣಲಿಲ್ಲ. 2022ರಲ್ಲಿ 26 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಒಟ್ಟಾರೆ ಸುಧಾರಣೆ ಮತ್ತು ದಿನನಿತ್ಯದ ನೆಮ್ಮದಿಯಲ್ಲಿ ಪ್ರಯೋಜನ ಕಂಡಿತು. ಆದರೂ ಸಂಗೀತ ಶುರುವಾಯಿತು ಅಂತ ಫಿಸಿಯೋ ಬಿಡಬೇಡಿ. ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಸ್ಪೀಚ್ ಥೆರಪಿಗೆ ಹೋಗುವವರು ತಪ್ಪದೆ ಹೋಗಿ. ಬಸ್ಸು, ಮಳೆ, ಕೂಲಿ ತಪ್ಪುವುದು, ಎಲ್ಲ ಕಷ್ಟ ನನಗೆ ಗೊತ್ತಿದೆ. ಆದರೂ ಹೋಗಿ. ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟನೇ ದಿನ ನಾವು ಮಾಡುವ ಮದ್ದುಸೊಪ್ಪಿನ ಪಾಯಸ ವರ್ಷಕ್ಕೆ ಒಂದು ದಿನ. ಈ ಥೆರಪಿ ವಾರ ವಾರವೂ ಬೇಕು.

ರಜೆಯ ದಿನಗಳಲ್ಲಿ ಮನೆಯಲ್ಲೇ ಹತ್ತು ನಿಮಿಷ ಕೊಡಿ. ಕರೆಂಟ್ ಹೋಗಿದ್ದರೂ ನಡೆಯುತ್ತದೆ. ಒಂದು ಸ್ಟೀಲ್ ತಟ್ಟೆ, ಒಂದು ಮರದ ಸೌಟು ಸಾಕು. ನೀವು ಎರಡು ಸಲ ಬಡಿಯಿರಿ, ನಿಲ್ಲಿಸಿ, ಮಗುವಿನ ಮುಖ ನೋಡುತ್ತಾ ಕಾಯಿರಿ. ಅದು ಏನು ಮಾಡಿದರೂ, ಕಣ್ಣು ಎತ್ತಿದರೂ ಸಾಕು, ಮತ್ತೆ ನಿಮ್ಮ ಸರದಿ. ಕಿವಿ ಮುಚ್ಚಿಕೊಂಡರೆ ತಟ್ಟೆ ಬಿಟ್ಟು ತೊಡೆ ಮೇಲೆ ಮೆಲ್ಲಗೆ ತಟ್ಟಿ. ಮೊಬೈಲಿನಲ್ಲಿ ಹಾಡು ಹಾಕಿ ಸುಮ್ನೆ ಕೂರಿಸಬೇಡಿ. ಮೊಬೈಲ್ ಮಗುವಿಗಾಗಿ ಕಾಯುವುದಿಲ್ಲ, ನೀವು ಕಾಯುತ್ತೀರಿ. ತೋಟದಲ್ಲಿ ಕೆಲಸ ಇರುವವರ ಮನೆಯಲ್ಲಿ ಅಜ್ಜಿ, ಅಕ್ಕ, ಯಾರು ಮಾಡಿದರೂ ಆಗುತ್ತದೆ.

ಕೊನೆಗೆ ಒಂದು ಕೆಲಸ ಹೇಳುತ್ತೇನೆ. ಈ ಮಗುವನ್ನು ತೊಟ್ಟಿಲಲ್ಲಿ ಹಾಕಿದಾಗ ಏನು ಹಾಡುತ್ತಿದ್ದಿರಿ? ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಬ್ಯಾರಿ, ಎರವ, ಯಾವ ಭಾಷೆ ಆದರೂ ಸರಿ. ನಮ್ಮ ಟೀಚರ್‌ಗೆ ಕನ್ನಡದ ಹಾಡು ಬರುತ್ತದೆ, ನಿಮ್ಮ ಮನೆಯ ಹಾಡು ಬರುವುದಿಲ್ಲ ಅಲ್ವಾ? ಅಜ್ಜಿಯ ಧ್ವನಿಯಲ್ಲೇ ವಾಟ್ಸಾಪ್‌ಗೆ ಕಳಿಸಿ. ಫೋನ್ ಇಲ್ಲದವರು ಶಾಲೆ ಶುರುವಾದ ದಿನ ಐದು ನಿಮಿಷ ಬಂದು ಹಾಡಿ ಹೋಗಿ. ನಾನೇ ಬಾಗಿಲ ಹತ್ತಿರ ಇರುತ್ತೇನೆ.

ನಿಮ್ಮ,
ಮುಖ್ಯ ಶಿಕ್ಷಕಿ
ಮಡಿಕೇರಿ ತಾಲ್ಲೂಕು, ಕೊಡಗು