ಕೋಲು ಆಕಾರದ ಕ್ರಿಮಿಗೆ ಇಲ್ಲಿ ಏನಂತಾರೆ: ಕೊರಿಯಾದಿಂದ ಅಕ್ಕನಿಗೆ

ಜಿಯೋಂಜು, ದಕ್ಷಿಣ ಕೊರಿಯಾ
ಡಿಸೆಂಬರ್

ಪ್ರೀತಿಯ ಅಕ್ಕ,

ಹೋದ ಸಲ ಫೋನಲ್ಲಿ ನೀನು ಕೇಳಿದ್ದೆ, "ಲ್ಯಾಬಲ್ಲಿ ಎಲ್ಲ ಇಂಗ್ಲಿಷೇ ತಾನೆ? ಮತ್ತೆ ಆ ಕೊರಿಯನ್ ಭಾಷೆ ಕಲಿಯೋಕೆ ಯಾಕಿಷ್ಟು ಒದ್ದಾಟ?" ಅಂತ. ಫೋನಲ್ಲಿ ಹೇಳೋಕೆ ಹೋದರೆ ಅಮ್ಮ ನಡುವೆ ಬಂದು ಊಟದ ವಿಷಯ ಎತ್ತುತ್ತಾಳೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ನೀನು ತಾಲ್ಲೂಕು ಆಸ್ಪತ್ರೆ ಲ್ಯಾಬಲ್ಲಿ ದಿನಾ ಸ್ಲೈಡ್ ನೋಡುವವಳು, ನಿನಗೆ ಇದು ಹಿಡಿಸುತ್ತೆ. ಅಮ್ಮನಿಗೆ ಊಟದ ಭಾಗ ಮಾತ್ರ ಓದಿ ಹೇಳು ಸಾಕು.

ಲ್ಯಾಬಲ್ಲಿ ಇಂಗ್ಲಿಷ್ ನಡೆಯುತ್ತೆ, ಅದು ನಿಜ. ಆದರೆ ಲ್ಯಾಬಿನ ಬಾಗಿಲು ದಾಟಿದ ಕೂಡಲೇ ಅದೇ ಕ್ರಿಮಿಗೆ ಬೇರೆ ಹೆಸರು. ಅದೂ ಒಂದಲ್ಲ, ಎರಡು.

ನಾನು ಇಲ್ಲಿ ಜಾಸ್ತಿ ನೋಡೋದು ಬ್ಯಾಸಿಲಸ್ ಸಬ್ಟಿಲಿಸ್. ಹುದುಗಿಸಿದ ಸೋಯಾ ಕಾಳಿನಲ್ಲಿ ಬೆಳೆಯುವ ಕ್ರಿಮಿ. ಕ್ರಿಸ್ಟಲ್ ವಯೊಲೆಟ್, ಅಯೋಡಿನ್, ಆಲ್ಕೋಹಾಲ್, ಸ್ಯಾಫ್ರನಿನ್. ಕ್ರಿಮಿಗೆ ಬಣ್ಣ ಹಾಕಿ ನೋಡೋಕೆ ನೀನು ಮಾಡುವ ಅದೇ ಗ್ರಾಮ್ ಸ್ಟೇನ್. ಮೈಕ್ರೋಸ್ಕೋಪಿಗೆ ಕಣ್ಣಿಟ್ಟರೆ ನೇರಳೆ ಬಣ್ಣದ ಶಾವಿಗೆ ಚೂರು ಚೆಲ್ಲಿದ ಹಾಗೆ ಕಾಣುತ್ತೆ. ಕೆಲವು ಒಂಟಿ, ಕೆಲವು ತುದಿಗೆ ತುದಿ ಕೂಡಿಕೊಂಡು ಸಾಲಾಗಿರುತ್ತವೆ. ಕಲ್ಚರ್ ಸ್ವಲ್ಪ ಹಳೆಯದಾದರೆ ಕೋಲಿನ ಮಧ್ಯೆ ಬಣ್ಣ ಹತ್ತದ ಬಿಳಿ ಜಾಗ ಇರುತ್ತೆ. ಅದು ಸ್ಪೋರ್. ಕ್ರಿಮಿ ಕಷ್ಟಕಾಲಕ್ಕೆ ಅಂತ ಕಟ್ಟಿಕೊಂಡ ಗಟ್ಟಿ ಗೂಡು. ನೀರು ಕುದಿಸಿದರೂ ಅದು ಸಾಯೋಲ್ಲ.

ಬ್ಯಾಸಿಲಸ್ ಅಂದರೆ ಲ್ಯಾಟಿನ್‌ನಲ್ಲಿ ಸಣ್ಣ ಕೋಲು. 1872ರಲ್ಲಿ ಫರ್ಡಿನಾಂಡ್ ಕೋನ್ ಈ ಹೆಸರನ್ನು ಒಂದು ಕುಲಕ್ಕೆ, ಅಂದರೆ ಹತ್ತಿರದ ನಂಟಿರುವ ಕ್ರಿಮಿಗಳ ಗುಂಪಿಗೆ, ಕೊಟ್ಟರು. ಅದಕ್ಕಿಂತ ಮುಂಚೆ, 1828ರಲ್ಲಿ, ಎಹ್ರೆನ್‌ಬರ್ಗ್ ಅನ್ನುವ ಇನ್ನೊಬ್ಬ ಜರ್ಮನ್ ಬಳಸಿದ ಬ್ಯಾಕ್ಟೀರಿಯಂ ಅನ್ನೋದೂ ಗ್ರೀಕ್‌ನ ಸಣ್ಣ ಕೋಲೇ. ಈಗ ಗುಂಡಗಿರುವ ಕ್ರಿಮಿಯನ್ನೂ ನಾವು ಬ್ಯಾಕ್ಟೀರಿಯಾ ಅಂತೀವಿ, ಅಂದರೆ ಕೋಲು ಅಂತೀವಿ. ಯಾರಿಗೂ ಅದು ವಿಚಿತ್ರ ಅನಿಸೋಲ್ಲ.

ತಲೆನೋವು ಎಲ್ಲಿ ಅಂದರೆ, ಇಂಗ್ಲಿಷಲ್ಲಿ ಬ್ಯಾಸಿಲಸ್ ಅನ್ನೋದು ಆಕಾರದ ಹೆಸರೂ ಹೌದು, ಒಂದು ಕುಲದ ಹೆಸರೂ ಹೌದು. ಕರುಳಲ್ಲಿರುವ ಇ. ಕೋಲೈ ಅನ್ನುವ ಕ್ರಿಮಿ ಆಕಾರದಲ್ಲಿ ಬ್ಯಾಸಿಲಸ್, ಆದರೆ ಬ್ಯಾಸಿಲಸ್ ಕುಲಕ್ಕೆ ಸೇರಿದ್ದಲ್ಲ. ಇಂಗ್ಲಿಷಿನವರು ಕುಲದ ಹೆಸರಿಗೆ ದೊಡ್ಡಕ್ಷರ ಹಾಕಿ, ಓರೆಯಾಗಿ ಅಚ್ಚು ಹಾಕಿ ಪಾರಾಗುತ್ತಾರೆ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರವೇ ಇಲ್ಲವಲ್ಲ! ಕನ್ನಡದಲ್ಲಿ ಬ್ಯಾಸಿಲಸ್ ಅಂತ ಬರೆದರೆ ಓದುವ ಮಕ್ಕಳು ಯಾವುದು ಅಂತ ತಿಳಿಯಬೇಕು? ದಂಡಾಣು ಅನ್ನುವ ಪದ ನಮ್ಮಲ್ಲಿದೆ. ಆದರೆ ನಿನ್ನ ಲ್ಯಾಬಲ್ಲಿ ಯಾರಾದರೂ ಅದನ್ನು ಬಾಯಲ್ಲಿ ಹೇಳಿದ್ದು ಕೇಳಿದ್ದೀಯಾ?

ಕೊರಿಯಾದ ಲಿಪಿಯಲ್ಲೂ ದೊಡ್ಡಕ್ಷರ ಇಲ್ಲ. ಆದರೆ ಅವರಿಗೆ ಈ ತಾಪತ್ರಯ ಬರಲೇ ಇಲ್ಲ. ಕುಲಕ್ಕೆ ಬ್ಯಾಸಿಲಸ್ ಅನ್ನೋದನ್ನೇ ತಮ್ಮ ಲಿಪಿಯಲ್ಲಿ ಬರೆದುಕೊಂಡರು. ಆಕಾರಕ್ಕೆ ಬೇರೆ ಪದ ಇಟ್ಟರು, ಗನ್‌ಗ್ಯುನ್. ಗ್ಯುನ್ ಅಂದರೆ ಕ್ರಿಮಿ, ಗನ್ ಅಂದರೆ ಕೋಲು. ಇದು ಚೀನೀ ಅಕ್ಷರಗಳಿಂದ ಕಟ್ಟಿದ ಪದ. ಜಪಾನಿನ ವೈದ್ಯರು ಜರ್ಮನ್ ವೈದ್ಯಶಾಸ್ತ್ರ ಕಲಿಯುವಾಗ ಇಂಥ ಪದಗಳನ್ನು ರಾಶಿ ರಾಶಿ ಬಳಕೆಗೆ ತಂದರು. 1910ರಿಂದ 1945ರವರೆಗೆ ಕೊರಿಯಾ ಜಪಾನಿನ ಕೈಯಲ್ಲಿತ್ತು. ಆಸ್ಪತ್ರೆ, ಕಾಲೇಜು, ಪುಸ್ತಕ ಎಲ್ಲದರಲ್ಲೂ ಆ ಪದಗಳೇ ನಿಂತವು.

ಆದರೆ ಈಗಿನ ಹುಡುಗರಿಗೆ ಚೀನೀ ಅಕ್ಷರ ಅಷ್ಟಾಗಿ ಬರೋಲ್ಲ. ಕೊರಿಯನ್ ಲಿಪಿಯಲ್ಲಿ ಗನ್ ಅಂತ ಬರೆದರೆ ಅದು ಕೋಲೋ, ನಡುವೋ, ಲಿವರ್ರೋ ಗೊತ್ತಾಗೋಲ್ಲ. ಎಲ್ಲಕ್ಕೂ ಒಂದೇ ಉಚ್ಚಾರ. ಅದಕ್ಕೇ ಇಲ್ಲಿನ ವೈದ್ಯರ ಸಂಘದವರು ತಮ್ಮ ಪದಕೋಶದಲ್ಲಿ ಅಚ್ಚ ಕೊರಿಯನ್ ಪದಗಳನ್ನೂ ತಂದರು. ಗನ್‌ಗ್ಯುನ್ ಬದಲು ಮಕ್‌ತೆಗ್ಯುನ್. ಮಕ್‌ತೆ ಅಂದರೆ ಮಗುವಿಗೂ ಗೊತ್ತಿರುವ ಕೋಲು. ಗುಂಡು ಕ್ರಿಮಿಗೆ ಗುಗ್ಯುನ್ ಬದಲು ಆಲ್‌ಗ್ಯುನ್. ಆಲ್ ಅಂದರೆ ಮೊಟ್ಟೆ, ಕಾಳು. ಸ್ಟ್ಯಾಫಿಲೊಕಾಕಸ್ ದ್ರಾಕ್ಷಿಕಾಳು ಕ್ರಿಮಿಯಾಯ್ತು, ಸ್ಟ್ರೆಪ್ಟೊಕಾಕಸ್ ಸರಪಳಿಕಾಳು ಕ್ರಿಮಿಯಾಯ್ತು. ಕೇಳಿದ ಕೂಡಲೇ ಸ್ಲೈಡ್ ಕಣ್ಣ ಮುಂದೆ ಬರುತ್ತೆ. ನನ್ನ ಪಕ್ಕದ ಟೇಬಲ್ಲಿನ ಹುಡುಗಿ ನಗುತ್ತಾಳೆ. ಪರೀಕ್ಷೆಗೆ ಸರಪಳಿಕಾಳು ಅಂತ ಓದಿದಳಂತೆ, ಹಿರಿಯರ ಮುಂದೆ ಹಳೇ ಪದ ಹೇಳುತ್ತಾಳಂತೆ, ಕೆಲಸ ಮಾಡುವಾಗ ಸುಮ್ನೆ ಸ್ಟ್ರೆಪ್ ಅಂತಾಳೆ.

ಹೊಸ ಪದ ಸುಲಭ. ಆದರೂ ಅದು ಜನರ ಬಾಯಿಗೆ ಪೂರ್ತಿ ಬಂದಿಲ್ಲ. ಅದರ ಫಜೀತಿ ಏನು ಅಂತ ನಮ್ಮ ಮನೆ ಮಾಲೀಕಳಿಂದ ಗೊತ್ತಾಯ್ತು. ವಯಸ್ಸಾದ ಹೆಂಗಸು, ನಾನು ಹಲ್ಮೊನಿ ಅಂತೀನಿ, ಅಂದರೆ ಅಜ್ಜಿ. ಉರಿಮೂತ್ರ ಅಂತ ಆಸ್ಪತ್ರೆಗೆ ಹೋಗಿದ್ದಳು. ರಿಪೋರ್ಟಿನಲ್ಲಿ ಇಂಗ್ಲಿಷಲ್ಲಿ ಗ್ರಾಮ್ ನೆಗೆಟಿವ್ ಬ್ಯಾಸಿಲೈ ಅಂತಿತ್ತು, ಅಂದರೆ ಗ್ರಾಮ್ ಸ್ಟೇನಿನ ನೇರಳೆ ಬಣ್ಣ ಹಿಡಿದಿಟ್ಟುಕೊಳ್ಳದ ಕೋಲು ಕ್ರಿಮಿಗಳು. ಮೊಮ್ಮಗ ಫೋನಲ್ಲಿ ಹುಡುಕಿ ಗುರಮ್ ಉಮ್‌ಸೊಂಗ್ ಗನ್‌ಗ್ಯುನ್ ಅಂತ ಓದಿ ಹೇಳಿದ. ಅಜ್ಜಿ ಗನ್ ಅಂದ ಕೂಡಲೇ ಲಿವರ್ ಅಂದುಕೊಂಡು ಕುಸಿದು ಕೂತಳು. ಅವಳ ಗಂಡ ತೀರಿಕೊಂಡಿದ್ದು ಲಿವರ್ ಕಾಯಿಲೆಯಿಂದ. ಕೆಳಗಿನ ಸಾಲಲ್ಲಿ ಕಲ್ಚರ್ ಪಾಸಿಟಿವ್ ಅಂತಿತ್ತು, ಅಂದರೆ ಯಾಂಗ್‌ಸೊಂಗ್. ಅದನ್ನು ಕೇಳಿ ಮತ್ತೆ ಸಮಾಧಾನ ಆಯ್ತು! ಯಾಕೆ ಗೊತ್ತಾ? ಅಪಾಯ ಇಲ್ಲದ ಗಡ್ಡೆಗೂ ಇಲ್ಲಿ ಯಾಂಗ್‌ಸೊಂಗ್ ಅಂತಲೇ ಹೇಳೋದು. ಬರೆಯೋದೂ ಒಂದೇ ಥರ. ಅವಳ ಗೆಳತಿಗೆ ಗಡ್ಡೆ ಆಗಿದ್ದಾಗ ಡಾಕ್ಟರು ಯಾಂಗ್‌ಸೊಂಗ್ ಅಂದಿದ್ದರಂತೆ, ಎಲ್ಲರೂ ಸಿಹಿ ಹಂಚಿದ್ದರಂತೆ.

ನಾನು ಮೆಟ್ಟಿಲ ಮೇಲೆ ಕೂತು ಬಿಡಿಸಿ ಹೇಳಿದೆ. ಗನ್ ಇಲ್ಲಿ ಲಿವರ್ ಅಲ್ಲ, ಮಕ್‌ತೆ. ಇದು ಇ. ಕೋಲೈ, ನಿಮ್ಮ ದೆಜಾಂಗ್‌ಗ್ಯುನ್. "ಅಯ್ಯೋ, ದೆಜಾಂಗ್‌ಗ್ಯುನ್ನಾ? ಅಷ್ಟೇನಾ?" ಅಂದಳು. ಆ ಪದ ಅವಳಿಗೆ ಚೆನ್ನಾಗಿ ಗೊತ್ತು. ದೆಜಾಂಗ್ ಅಂದರೆ ದೊಡ್ಡ ಕರುಳು. ಇದೂ ಚೀನೀ ಪದವೇ, ಆದರೆ ಹೋಟೆಲ್ ನೀರಲ್ಲಿ ಸಿಕ್ಕಿತು, ಸಮುದ್ರದ ದಡದಲ್ಲಿ ಸಿಕ್ಕಿತು ಅಂತ ಟಿ.ವಿ.ಯಲ್ಲಿ ಕೇಳಿ ಕೇಳಿ ಎಲ್ಲರಿಗೂ ಬಾಯಿಪಾಠ. ನನಗನ್ನಿಸೋದು ಇಷ್ಟೇ ಅಕ್ಕ. ಪದ ಅಚ್ಚ ದೇಸಿಯೋ ಹೊರಗಿನದೋ ಅನ್ನೋದಕ್ಕಿಂತ, ಅದು ಜನರ ಕಿವಿಗೆ ಎಷ್ಟು ಸಲ ಬಿತ್ತು ಅನ್ನೋದೇ ದೊಡ್ಡದು. ಆಮೇಲೆ ಅವಳು ಕೇಳಿದಳು, "ಮಕ್‌ತೆ ಅನ್ನೋಕೆ ಡಾಕ್ಟರಿಗೆ ಏನು ಕಷ್ಟ?" ನಾನೇನು ಹೇಳಲಿ.

ಪಾಸಿಟಿವ್‌ಗೆ ಯಾಂಗ್, ನೆಗೆಟಿವ್‌ಗೆ ಉಮ್ ಅಂದೆನಲ್ಲ, ಅದು ಇಲ್ಲಿನ ಬಾವುಟದ ನಡುವೆ ಕೆಂಪು ನೀಲಿ ಸುತ್ತಿಕೊಂಡಿರುವ ಚಿಹ್ನೆಯ ಅದೇ ಉಮ್ ಮತ್ತು ಯಾಂಗ್. ಕತ್ತಲು, ಬೆಳಕು. ಪಾಪ, ಡೆನ್ಮಾರ್ಕಿನ ಗ್ರಾಮ್ 1884ರಲ್ಲಿ ಬರೀ ಬಣ್ಣ ಹಾಕಲು ಹೋದವನು. ಅವನ ಹೆಸರು ಇಲ್ಲಿ ಯಾವ ತತ್ವಶಾಸ್ತ್ರಕ್ಕೆ ಹೋಗಿ ಅಂಟಿಕೊಂಡಿದೆ ನೋಡು.

ಮನುಷ್ಯರ ಹೆಸರಿನ ವಿಷಯ ಬಂದಾಗ ಒಂದು ಸ್ವಾರಸ್ಯ ಇದೆ. ಇ. ಕೋಲೈಯ ಇ ಅಂದರೆ ಎಶೆರಿಶ್ ಅನ್ನುವ ಮಕ್ಕಳ ಡಾಕ್ಟರು, 1885ರಲ್ಲಿ ಶಿಶುಗಳ ಮಲದಲ್ಲಿ ಇದನ್ನು ಕಂಡವರು. ರಕ್ತಭೇದಿ ತರುವ ಶಿಗೆಲ್ಲಾ, 1897ರಲ್ಲಿ ಅದನ್ನು ಹುಡುಕಿದ ಜಪಾನಿನ ಕಿಯೋಶಿ ಶಿಗಾ ಹೆಸರಿನದು. ಕೊರಿಯಾ ಜಪಾನಿನ ಕೈಯಲ್ಲಿದ್ದಾಗ ಇದೇ ಶಿಗಾ ಸಿಯೋಲ್‌ಗೆ ಬಂದು, 1929ರಲ್ಲಿ ಅಲ್ಲಿನ ಸಾಮ್ರಾಜ್ಯ ವಿಶ್ವವಿದ್ಯಾಲಯದ ಮುಖ್ಯಸ್ಥರಾದರು. ನಾವು ಅಮೆರಿಕದವರ ಜೊತೆ ಸೇರಿ ಶಿಗೆಲ್ಲಾ ಅಂತೀವಿ. ಶಿಗಾ ಕೆಲಸ ಮಾಡಿದ ಊರಿನಲ್ಲಿ ಜನ ಸಾಮಾನ್ಯವಾಗಿ ಇಜಿಲ್‌ಗ್ಯುನ್ ಅಂತಾರೆ, ಬರೀ ಭೇದಿ ಕ್ರಿಮಿ. ಬೇಕಂತಲೇ ಬಿಟ್ಟಿದ್ದಲ್ಲ, ಆದರೂ ಓದಿದಾಗ ನನಗೆ ನಗು ಬಂತು.

ನೀನು ಕಫದ ಸ್ಲೈಡಿನಲ್ಲಿ ಹುಡುಕುವ ಕ್ಷಯದ ಕ್ರಿಮಿಗೆ ಇಲ್ಲಿ ಗ್ಯೊಲ್‌ಹೆಕ್‌ಗ್ಯುನ್. ಗ್ಯೊಲ್ ಅಂದರೆ ಗಂಟು, ಹೆಕ್ ಅಂದರೆ ಬೀಜ. ಶ್ವಾಸಕೋಶ ಕೊಯ್ದು ನೋಡಿದವರು ಇಟ್ಟ ಹೆಸರು. ನಮ್ಮವರು ಮನುಷ್ಯ ಸವೆದು ಹೋಗೋದನ್ನು ನೋಡಿ ಕ್ಷಯ ಅಂದರು. ನೀವು ಲ್ಯಾಬಲ್ಲಿ ಎ.ಎಫ್.ಬಿ. (ಆಸಿಡ್ ಫಾಸ್ಟ್ ಬ್ಯಾಸಿಲೈ) ಅಂತ ಬರೆಯೋದನ್ನು ಇವರು ಹಾಂಗ್‌ಸಾನ್‌ಗ್ಯುನ್ ಅಂತಾರೆ, ಆಸಿಡ್ಡಿಗೆ ಎದುರು ನಿಲ್ಲುವ ಕ್ರಿಮಿ. ವೀಸಾಕ್ಕೆ ಅಂತ ನಾನು ಎದೆ ಎಕ್ಸ್‌ರೇ ತೆಗೆಸಿ ಸರ್ಟಿಫಿಕೇಟ್ ತಂದಿದ್ದು ಇದರ ಸಲುವಾಗಿಯೇ. ಕ್ಷಯ ಜಾಸ್ತಿ ಇರುವ ದೇಶಗಳ ಪಟ್ಟಿಯಲ್ಲಿ ನಮ್ಮದೂ ಇದೆ. ಅಪ್ಪ ಆಗ ಸಿಟ್ಟಾಗಿದ್ದರು. ಹಾಗಂತ ಇಲ್ಲಿ ಕ್ಷಯ ಇಲ್ಲ ಅಂತಲ್ಲ. ಶ್ರೀಮಂತ ದೇಶಗಳ ಪೈಕಿ ಕೊರಿಯಾದಲ್ಲೇ ಅದು ಬಹಳ ಜಾಸ್ತಿ.

ಕವರಿನ ಹಿಂದೆ ಒಂದು ಬಣ್ಣದ ಚೀಟಿ ಅಂಟಿಸಿದ್ದೇನೆ, ನೋಡು. ಅದು ಸ್ಟಾಂಪ್ ಅಲ್ಲ, ಕ್ರಿಸ್‌ಮಸ್ ಸೀಲ್. ಕ್ಷಯ ರೋಗಿಗಳಿಗೆ ದುಡ್ಡು ಕೂಡಿಸೋಕೆ ಮಾರುತ್ತಾರೆ. ಇದನ್ನು ಕೊರಿಯಾದಲ್ಲಿ ಶುರು ಮಾಡಿದವರು ಶೆರ್‌ವುಡ್ ಹಾಲ್ ಅನ್ನುವ ಡಾಕ್ಟರು, 1932ರಲ್ಲಿ. ಅವರು ಮಿಷನರಿ ದಂಪತಿಯ ಮಗ, ಹುಟ್ಟಿದ್ದೇ ಸಿಯೋಲ್‌ನಲ್ಲಿ. ಕೊರಿಯಾದ ಮೊದಲ ಮಹಿಳಾ ಡಾಕ್ಟರ್ ಎಸ್ತರ್ ಪಾರ್ಕ್ ಅವರ ಮನೆಯವರ ಹಾಗೇ ಇದ್ದರು. ಆಕೆ 1910ರಲ್ಲಿ ಕ್ಷಯದಿಂದ ತೀರಿಕೊಂಡಾಗ ಈ ಹುಡುಗ ತಾನೂ ಕ್ಷಯದ ಡಾಕ್ಟರಾಗಬೇಕು ಅಂದುಕೊಂಡ. 1928ರಲ್ಲಿ ಹೆಜು ಅನ್ನುವ ಊರಲ್ಲಿ ಸ್ಯಾನಿಟೋರಿಯಂ, ಅಂದರೆ ಕ್ಷಯ ರೋಗಿಗಳ ಆಸ್ಪತ್ರೆ, ಕಟ್ಟಿದ. ಮೊದಲ ಸೀಲ್ ಮೇಲೆ ಹಳೆಯ ಕೊರಿಯನ್ ಯುದ್ಧನೌಕೆಯ ಚಿತ್ರ ಹಾಕಬೇಕು ಅಂತಿದ್ದರು. ಒಂದು ಕಾಲಕ್ಕೆ ಜಪಾನಿನವರನ್ನು ಸೋಲಿಸಿದ ಹಡಗು ಅದು. ಅಧಿಕಾರಿಗಳು ಬಿಟ್ಟಾರೆಯೇ? ಕೊನೆಗೆ ಸಿಯೋಲ್‌ನ ದಕ್ಷಿಣ ಹೆಬ್ಬಾಗಿಲಿನ ಚಿತ್ರ ಬಂತು. 1940ರಲ್ಲಿ ಅವರನ್ನು ದೇಶದಿಂದಲೇ ಹೊರಗೆ ಹಾಕಿದರು. ಎಲ್ಲಿಗೆ ಬಂದರು ಗೊತ್ತಾ? ನಮ್ಮ ದೇಶಕ್ಕೆ! ಅಜ್ಮೇರ್ ಹತ್ತಿರದ ಮದಾರ್ ಸ್ಯಾನಿಟೋರಿಯಂನಲ್ಲಿ 1963ರವರೆಗೆ ಕೆಲಸ ಮಾಡಿದರು. ಸಮಾಧಿ ಇರೋದು ಮಾತ್ರ ಸಿಯೋಲ್‌ನ ಯಾಂಗ್‌ಹ್ವಾಜಿನ್‌ನಲ್ಲಿ.

ಇನ್ನು ಅಮ್ಮನ ಭಾಗ. ಏನು ತಿನ್ನುತ್ತೀಯ ಅಂತ ಕೇಳುತ್ತಾಳಲ್ಲ, ನಾನು ಕೆಲಸ ಮಾಡುವ ಕ್ರಿಮಿಯನ್ನೇ ತಿನ್ನುತ್ತೇನೆ ಅಂತ ಹೇಳು. ಬ್ಯಾಸಿಲಸ್ ಸಬ್ಟಿಲಿಸ್‌ಗೆ ಇಲ್ಲಿ ಗೊಚೊಗ್ಯುನ್ ಅಂತಾರೆ. ಗೊಚೊ ಅಂದರೆ ಒಣಹುಲ್ಲು. ಹಿಂದೆ ಒಣಹುಲ್ಲನ್ನು ನೀರಲ್ಲಿ ಕುದಿಸಿ ಇದನ್ನು ಬೆಳೆಸುತ್ತಿದ್ದರು, ಉಳಿದವು ಸಾಯುತ್ತಿದ್ದವು, ಇದರ ಸ್ಪೋರ್ ಉಳಿಯುತ್ತಿತ್ತು. ಅದಕ್ಕೇ ಇಂಗ್ಲಿಷಲ್ಲೂ ಹೇ ಬ್ಯಾಸಿಲಸ್. ಮಾರ್ಕೆಟ್ಟಲ್ಲಿ ಹೇಳಿದರೆ ಮಾತ್ರ ಜನ ಗೊಚು ಅಂತ ಕೇಳಿಸಿಕೊಂಡು ಮೆಣಸಿನಕಾಯಿ ಕೊಡುತ್ತಾರೆ.

ಇಲ್ಲಿಂದ ಸ್ವಲ್ಪ ದೂರದಲ್ಲಿ ಸುಂಚಾಂಗ್ ಅಂತ ಊರಿದೆ, ಮೆಣಸಿನಕಾಯಿ ಹುದುಗಿಗೆ ಹೆಸರುವಾಸಿ. ಅಲ್ಲಿ ಒಂದು ಮನೆಯ ಸೂರಿನ ಕೆಳಗೆ ಮೆಜು ನೇತುಹಾಕಿದ್ದರು. ಬೆಂದ ಸೋಯಾ ಕಾಳನ್ನು ಅರೆದು ಇಟ್ಟಿಗೆಯ ಗಾತ್ರಕ್ಕೆ ತಟ್ಟಿ, ಭತ್ತದ ಹುಲ್ಲಿನ ಹಗ್ಗದಲ್ಲಿ ಕಟ್ಟಿರುತ್ತಾರೆ. ಹತ್ತಿರ ಹೋಗಿ ನೋಡಿದೆ. ಮೇಲೆಲ್ಲ ಬಿರುಕು, ಬಿರುಕಿನೊಳಗೆ ಬಿಳಿ ಬೂಷ್ಟು, ಹುಲ್ಲು ತಾಗಿದ ಕಡೆ ಕಂದು ಗೆರೆ. ಹುಲ್ಲು ಕಟ್ಟೋಕೆ ಮಾತ್ರ ಅಲ್ಲ ಅಮ್ಮ, ಗೊಚೊಗ್ಯುನ್ ಅದರಿಂದಲೂ ಬರುತ್ತೆ. ಆಮೇಲೆ ಉಪ್ಪುನೀರಿನ ಜಾಡಿಯಲ್ಲಿ ತಿಂಗಳುಗಟ್ಟಲೆ ಬಿಡುತ್ತಾರೆ. ಮೇಲಿನ ನೀರು ಗನ್‌ಜಾಂಗ್, ಅಂದರೆ ಸೋಯಾ ಸಾಸ್. ಕೆಳಗಿನ ಗಟ್ಟಿ ದ್ವೆನ್‌ಜಾಂಗ್. ಗನ್‌ಜಾಂಗ್ ಅಂದರೆ ಲಿವರ್ ಅಂತಲೂ ಅರ್ಥ ಇದೆ, ಅಕ್ಕ. ಹಲ್ಮೊನಿಯ ತಪ್ಪೇನೂ ಇಲ್ಲ ಬಿಡು.

ಚೊಂಗ್ಗುಕ್‌ಜಾಂಗ್ ಅಂತ ಇನ್ನೊಂದಿದೆ. ಬೆಂದ ಕಾಳನ್ನು ಬೆಚ್ಚಗೆ, ಸುಮಾರು 40 ಡಿಗ್ರಿಯಲ್ಲಿ, ಎರಡು ಮೂರು ದಿನ ಇಟ್ಟರೆ ಮುಗೀತು. ಚಮಚ ಎತ್ತಿದರೆ ನೂಲು ನೂಲಾಗಿ ಎಳೆ ಬರುತ್ತೆ. ವಾಸನೆ ಕೇಳಬೇಡ, ಕೋಟು ಒಗೆಯೋವರೆಗೂ ಹೋಗೋಲ್ಲ. ಆದರೆ ಸಾರಿನ ರುಚಿ ಚೆನ್ನಾಗಿದೆ. ಅಮ್ಮ ತಯಾರಿಸಿದ ಚಟ್ನಿಪುಡಿ ಉದುರಿಸಿಕೊಂಡು ಅನ್ನದ ಜೊತೆ ತಿನ್ನುತ್ತೇನೆ.

ಮೊಸರಿನ ಕ್ರಿಮಿಗಳಿಗೆ ಇಲ್ಲಿ ಯುಸಾನ್‌ಗ್ಯುನ್, ಹಾಲಿನ ಹುಳಿಯ ಕ್ರಿಮಿ. ಬೀದಿಯಲ್ಲಿ ಸಮವಸ್ತ್ರದ ಹೆಂಗಸರು ತಂಪುಪೆಟ್ಟಿಗೆಯ ಗಾಡಿ ಓಡಿಸಿಕೊಂಡು ಅದನ್ನೇ ಮಾರುತ್ತಾರೆ. 2020ರಲ್ಲಿ ವಿಜ್ಞಾನಿಗಳು ಇಂಥ ಕ್ರಿಮಿಗಳ ಲ್ಯಾಕ್ಟೊಬ್ಯಾಸಿಲಸ್ ಕುಲವನ್ನು ಒಡೆದು 25 ಕುಲ ಮಾಡಿದರು. ನಮ್ಮ ಫ್ರೀಜರಿನ ಡಬ್ಬಿಗಳ ಹೆಸರೆಲ್ಲ ತಿದ್ದಿ ಸಾಕಾಯ್ತು. ಬೀದಿಯ ಯುಸಾನ್‌ಗ್ಯುನ್‌ಗೆ ಏನೂ ಆಗಲಿಲ್ಲ.

ಅಪ್ಪನಿಗೆ ಒಂದು ಮಾತು. ಧನುರ್ವಾಯು ತರುವ ಕ್ರಿಮಿಯೂ ಕೋಲೇ, ಒಂದು ತುದಿಗೆ ಸ್ಪೋರ್ ಉಬ್ಬಿಕೊಂಡಿರುತ್ತೆ. ಇಲ್ಲಿ ಅದಕ್ಕೆ ಪಸಾಂಗ್‌ಪುಂಗ್‌ಗ್ಯುನ್. ಒಡೆದ ಗಾಯದ ಗಾಳಿ ಅಂತ ಅರ್ಥ. ನಮ್ಮಲ್ಲೂ ವಾಯು, ಇವರಲ್ಲೂ ಗಾಳಿ! ಅದು ಇರೋದು ಮಾತ್ರ ಮಣ್ಣಿನಲ್ಲಿ, ಗೊಬ್ಬರದಲ್ಲಿ. ಬರಿಗಾಲಲ್ಲಿ ತೋಟ ಸುತ್ತುತ್ತಾರೆ, ತಂತಿ ಬೇಲಿ ಬೇರೆ. ಇಂಜೆಕ್ಷನ್ ಹಾಕಿಸಿಕೊಂಡು ಹತ್ತು ವರ್ಷದ ಮೇಲಾಯ್ತು. ಮುಂದಿನ ಸಲ ನೀನು ಡ್ಯೂಟಿಗೆ ಹೋಗುವಾಗ ಜೊತೆಗೇ ಕರೆದುಕೊಂಡು ಹೋಗು. ಸಂತೆ, ಅಡಿಕೆ ಕೊಯ್ಲು ಅಂತ ನೆಪ ಹೇಳಿದರೆ ಕೇಳಬೇಡ.

ಪುಟ್ಟನಿಗೆ ಮುತ್ತು.

ನಿನ್ನ ತಂಗಿ